ಮಲ್ಲಿಗೆ ಕಟ್ಟಿದ ಕೈಯಲ್ಲಿ ಮಸ್ಕಿ ಮೀನಿನ ನೊಣ

ಒಂದು ವಯಸ್ಸು ದಾಟಿದ ಮೇಲೆ ಮನುಷ್ಯ ಹೊಸ ವಿದ್ಯೆಗೆ ಕೈ ಹಾಕಬಾರದು. ಹಾಕಿದರೂ ಅದು ತನಗೆ ಬರುತ್ತದೆ ಎಂದು ಮೇಲಧಿಕಾರಿಯ ಎದುರು ಒಪ್ಪಿಕೊಳ್ಳಬಾರದು. ಒಪ್ಪಿಕೊಂಡರೂ, ಕನಿಷ್ಠ ಪಕ್ಷ ಆ ವಿದ್ಯೆಗೂ ಹಲ್ಲಿರುವ ಮೀನಿಗೂ ಸಂಬಂಧ ಇರಬಾರದು. ನಾನು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಈ ಅಷ್ಟೂ ತಪ್ಪುಗಳನ್ನು ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಮಾಡಿ ಮುಗಿಸಿದೆ. ನನ್ನ ಓರಗೆಯವರು ಈಗ ಬೆಳಿಗ್ಗೆ ಎದ್ದು ಸಮುದ್ರದ ಬದಿಯಲ್ಲಿ ಕೈ ಬೀಸಿಕೊಂಡು ನಡೆಯುತ್ತಾರೆ, ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರುಗಳನ್ನು ಪರಸ್ಪರ ಹೇಳಿಕೊಂಡು ಸಂತೋಷಪಡುತ್ತಾರೆ. ನಾನು ಕುವೈತಿನ ಮಂಗಾಫ್‌ನ ಎರಡು ಕೋಣೆಯ ಫ್ಲಾಟಿನಲ್ಲಿ, ಹೆಂಡತಿಯ ಹೊಲಿಗೆ ಯಂತ್ರದ ಮುಂದೆ ಕೂತು, ಜಿಂಕೆಯ ಬಾಲದ ಕೂದಲು ಕತ್ತರಿಸುತ್ತಿದ್ದೆ.

ವಿಷಯ ಹೀಗೆ. ನಾನು ಇಲ್ಲಿ ಮೀನಾ ಅಬ್ದುಲ್ಲಾ ಎಂಬ ಊರಿನ ಒಂದು ಗುತ್ತಿಗೆ ಕಂಪನಿಯಲ್ಲಿ ಕಾಗದಪತ್ರಗಳ ವಿಭಾಗದಲ್ಲಿ ಇದ್ದೇನೆ. ನಕ್ಷೆ ಬಂದರೆ ನೋಂದಾಯಿಸುವುದು, ನಕ್ಷೆ ಹೋದರೆ ನೋಂದಾಯಿಸುವುದು, ಬಂದ ನಕ್ಷೆ ಎಲ್ಲಿಗೆ ಹೋಯಿತೆಂದು ಎಂಜಿನಿಯರುಗಳು ಬೊಬ್ಬೆ ಹೊಡೆದಾಗ ಅವರದೇ ಮೇಜಿನ ಅಡಿಯಿಂದ ತೆಗೆದುಕೊಡುವುದು. ನಮ್ಮ ವಿಭಾಗದ ಮುಖ್ಯಸ್ಥರು ಮಿಸ್ಟರ್ ಡಗ್, ಕೆನಡಾ ದೇಶದವರು. ಆರೂವರೆ ಅಡಿ ಎತ್ತರ, ಬಾಳೆಕಾಯಿಯಂಥ ಬೆರಳುಗಳು, ಮಾತು ಮಾತ್ರ ಮೆಲ್ಲಗೆ. ಅವರಿಗೆ ಜೀವನದಲ್ಲಿ ಹೆಂಡತಿ ಮಕ್ಕಳ ನಂತರ, ನನಗೆ ಕೆಲವೊಮ್ಮೆ ಅನುಮಾನ, ಅವರಿಗೂ ಮೊದಲೇ, ಬೇಕಾದದ್ದು ಮಸ್ಕಿ ಎಂಬ ಮೀನು. ನನಗೆ ಗೊತ್ತಿದ್ದ ಮಸ್ಕಿ ರಾಯಚೂರಿನ ಕಡೆಯ ಒಂದು ಊರು. ಇದು ಅವರ ದೇಶದ ಕೆರೆಗಳಲ್ಲಿರುವ ಉದ್ದ ಮೂತಿಯ ಮೀನು, ಬಾಯಿ ತುಂಬ ಸೂಜಿಯಂಥ ಹಲ್ಲು. ಮಹಾ ಸೊಕ್ಕಿನದು. ಸಾವಿರ ಸಲ ಗಾಳ ಎಸೆದರೂ ಬರುವುದಿಲ್ಲ. ಬಂದರೂ ದೋಣಿಯ ಪಕ್ಕದವರೆಗೆ ಗಾಳದ ಹಿಂದೆಯೇ ಬಂದು, ನಿಮ್ಮ ಮುಖ ನೋಡಿ, ತಿರುಗಿ ಹೋಗುತ್ತದೆ. ಎಂದಾದರೂ ಅಪ್ಪಿತಪ್ಪಿ ಸಿಕ್ಕಿತೋ, ಅದನ್ನು ತಬ್ಬಿಕೊಂಡು ಫೋಟೋ ತೆಗೆಸಿ ಮತ್ತೆ ನೀರಿಗೆ ಬಿಡುತ್ತಾರೆ. ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಶಶಿಕಲ, ಬಂಗುಡೆ ಕತ್ತರಿಸುತ್ತಿದ್ದವಳು, ಕತ್ತಿ ನಿಲ್ಲಿಸಿ ನನ್ನನ್ನೇ ನೋಡಿದಳು. ಬಿಡಲಿಕ್ಕಾಗಿ ಹಿಡಿಯುವವರ ಕೈಕೆಳಗೆ ಇಷ್ಟು ವರ್ಷ ಕೆಲಸ ಮಾಡಿದಿರಾ ಎಂದು ಕೇಳಿದಳು. ಕರಾವಳಿಯಲ್ಲಿ ಹುಟ್ಟಿದವಳಿಗೆ ಅದು ಸಣ್ಣ ಆಘಾತವಲ್ಲ.

ಈ ಮಸ್ಕಿಯನ್ನು ಹಿಡಿಯಲು ಡಗ್ ಬಳಸುವುದು ಎರೆಹುಳವನ್ನಲ್ಲ, ಸೀಗಡಿಯನ್ನೂ ಅಲ್ಲ. ಗಾಳದ ಕೊಕ್ಕೆಗೆ ಗರಿ, ಕೂದಲು, ಮಿಂಚುವ ಎಳೆಗಳನ್ನು ದಾರದಿಂದ ಸುತ್ತಿ ಕಟ್ಟಿದ ಒಂದು ಸುಳ್ಳು ಬೇಟೆ. ಅದನ್ನು ಅವರು ಫ್ಲೈ, ಅಂದರೆ ನೊಣ, ಎನ್ನುತ್ತಾರೆ. ನೋಡಿದರೆ ನೊಣದ ಲಕ್ಷಣ ಒಂದೂ ಇಲ್ಲ. ಗೇಣುದ್ದದ, ಬಣ್ಣ ಬಳಿದುಕೊಂಡು ಯಕ್ಷಗಾನಕ್ಕೆ ಹೊರಟ ಕೋಳಿಮರಿಯ ಹಾಗಿರುತ್ತದೆ. ಅದು ನೀರಿನಲ್ಲಿ ಉಸಿರಾಡಿದಂತೆ ಅಲುಗಾಡಬೇಕು, ಆಗ ಮಸ್ಕಿ ಮೋಸ ಹೋಗುತ್ತದೆ. ಇಂಥ ನೊಣವನ್ನು ಅಂಗಡಿಯಲ್ಲಿ ಕೊಳ್ಳಬಹುದು, ಇಲ್ಲವೇ ಸ್ವಂತ ಕೈಯಿಂದ ಕಟ್ಟಬಹುದು. ಕೊಳ್ಳುವವರನ್ನು ಕಟ್ಟುವವರು ಮನುಷ್ಯರೆಂದೇ ಎಣಿಸುವುದಿಲ್ಲವಂತೆ. ನಮ್ಮಲ್ಲಿ ಪ್ಯಾಕೆಟ್ ದೋಸೆ ಹಿಟ್ಟು ತರುವವರನ್ನು ಅತ್ತೆಯರು ನೋಡುವ ಹಾಗೆ ನೋಡುತ್ತಾರಂತೆ.

ಇನ್ನು ನನ್ನ ಕಷ್ಟ. ಮರುವರ್ಷದ ಜನವರಿಗೆ ನನಗೆ ಅರವತ್ತು ತುಂಬುವುದಿತ್ತು. ನಮ್ಮ ಕಂಪನಿಯಲ್ಲಿ ಅರವತ್ತಾದವನ ಇಕಾಮಾ, ಅಂದರೆ ಈ ದೇಶದಲ್ಲಿ ಇರಲು ಕೊಡುವ ಪರವಾನಗಿ, ತಾನಾಗಿ ಮುಂದುವರಿಯುವುದಿಲ್ಲ. ವಿಭಾಗದ ಮುಖ್ಯಸ್ಥರು ಈ ಮನುಷ್ಯ ಇಲ್ಲದೆ ನಮ್ಮ ಕೆಲಸ ನಡೆಯುವುದಿಲ್ಲ ಎಂದು ಬರೆದುಕೊಟ್ಟರೆ ಒಂದು ವರ್ಷಕ್ಕೆ ನವೀಕರಿಸುತ್ತಾರೆ, ಇಲ್ಲವಾದರೆ ಖಲಾಸ್, ವಿಮಾನ ಹತ್ತುವುದು. ನಮಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು ದಿಶಾ, ಆಗ ಇಲ್ಲಿಯ ಭಾರತೀಯ ಶಾಲೆಯಲ್ಲಿ ಹನ್ನೊಂದನೇ ತರಗತಿ. ಅವಳು ಹನ್ನೆರಡು ಮುಗಿಸುವ ಮೊದಲು ನನ್ನ ಇಕಾಮಾ ಹೋದರೆ ಅವಳದೂ ಅವಳಮ್ಮನದೂ ಹೋಗುತ್ತದೆ. ಅರ್ಧದಲ್ಲಿ ಶಾಲೆ ಬಿಡಿಸಿ, ಇಲ್ಲೇ ಹುಟ್ಟಿ ಬೆಳೆದ ಹುಡುಗಿಯನ್ನು ಊರಿನ ಯಾವ ಕಾಲೇಜಿನ ಬಾಗಿಲಲ್ಲಿ ನಿಲ್ಲಿಸುವುದು? ಹೊರಗೆ ನಾನು ತಮಾಷೆಯ ಮನುಷ್ಯ, ಒಳಗೆ ಆ ವರ್ಷವಿಡೀ ಹೆದರಿಕೊಂಡೇ ಇದ್ದೆ. ಏಕೆಂದರೆ ನಾನಿಲ್ಲದೆ ನಮ್ಮ ವಿಭಾಗ ಚೆನ್ನಾಗಿಯೇ ನಡೆಯುತ್ತದೆ. ನನ್ನ ಕೆಲಸದ ಮುಕ್ಕಾಲು ಪಾಲನ್ನು ಕಂಪ್ಯೂಟರಿಗೆ ಹಾಕಿಸಿದವನೂ ನಾನೇ. ಆ ದಿನ ಚಪ್ಪಾಳೆ ತಟ್ಟಿದ್ದರು, ನಾನೂ ತಟ್ಟಿದ್ದೆ.

ಮೇಲಧಿಕಾರಿಯ ಮನಸ್ಸಿನಲ್ಲಿ ಜಾಗ ಹಿಡಿಯಲು ಗಲ್ಫಿನಲ್ಲಿ ಒಂದು ಸಂಪ್ರದಾಯ ಉಂಟು. ರಜೆಗೆ ಊರಿಗೆ ಹೋದವನು ಬರುವಾಗ ಏನಾದರೂ ತರಬೇಕು. ನಮ್ಮ ವಿಭಾಗದಲ್ಲಿ ಕೇರಳದ ಪಿಳ್ಳೆ ಬಾಳೆಕಾಯಿ ಚಿಪ್ಸ್ ತರುತ್ತಾನೆ, ಲಾಹೋರಿನ ಅಕ್ರಂ ಭಾಯಿ ಒಣ ಹಣ್ಣು, ನಾನು ಗೇರುಬೀಜ. ಹತ್ತು ವರ್ಷ ಗೇರುಬೀಜ ಕೊಟ್ಟ ಮೇಲೆ ಒಂದು ದಿನ ಡಗ್ ಅವರ ಡ್ರೈವರ್ ನನ್ನನ್ನು ಕರೆದು, ಈ ಸಲದ್ದು ಸ್ವಲ್ಪ ಮುಗ್ಗಿದೆ ಸಾಬ್ ಎಂದು ಸಂಕೋಚದಿಂದ ಹೇಳಿದ. ಅಷ್ಟು ವರ್ಷದ ಗೇರುಬೀಜ ಯಾರ ಹೊಟ್ಟೆ ಸೇರಿತ್ತು ಎಂಬುದು ಆಗ ತಿಳಿಯಿತು. ಡ್ರೈವರ್ ನನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದ, ಆದರೆ ಅವನು ಸಹಿ ಹಾಕುವ ಹಾಗಿರಲಿಲ್ಲ.

ಹೀಗಿರುವಾಗ ಒಂದು ದಿನ ಡಗ್ ಅವರ ಕೋಣೆಗೆ ಕಡತ ಹಿಡಿದು ಹೋದೆ. ಅವರ ಮೇಜಿನ ಮೇಲೆ ಒಂದು ಮಸ್ಕಿ ನೊಣ ಸದಾ ಇರುತ್ತಿತ್ತು, ನಮ್ಮವರು ಮೇಜಿನ ಮೇಲೆ ಗಣಪತಿ ಇಟ್ಟುಕೊಳ್ಳುವ ಹಾಗೆ. ಆ ದಿನ ಅದು ಕೆಳಗೆ ಬಿದ್ದು, ಯಾರದೋ ಬೂಟಿನಡಿ ಸಿಕ್ಕಿ, ದಾರ ಬಿಚ್ಚಿ ಗರಿಗಳೆಲ್ಲ ಕೆದರಿಕೊಂಡಿತ್ತು. ಡಗ್ ತಮ್ಮ ಬಾಳೆಕಾಯಿ ಬೆರಳುಗಳಲ್ಲಿ ಅದನ್ನು ಸೇರಿಸಲು ಹೋಗಿ ಇನ್ನಷ್ಟು ಬಿಚ್ಚುತ್ತಿದ್ದರು. ನೋಡಲಾಗದೆ ನಾನು ಕೈ ಚಾಚಿದೆ. ಕಡತಕ್ಕೆ ಕಟ್ಟುವ ದಾರದಿಂದ ಒಂದು ಎಳೆ ಸೀಳಿ, ಗರಿಗಳನ್ನು ಜೋಡಿಸಿ, ಸುತ್ತಿ, ಕುಣಿಕೆ ಹಾಕಿ ಕೊಟ್ಟೆ. ಅವರ ಚಹಾ ಆರುವ ಮೊದಲು ಕೆಲಸ ಮುಗಿದಿತ್ತು.

ಇದರಲ್ಲಿ ಪವಾಡ ಏನೂ ಇಲ್ಲ. ನಾನು ಉಡುಪಿ ಹತ್ತಿರದ ಶಂಕರಪುರದ ಕಡೆಯವನು. ನಮ್ಮಲ್ಲಿ ಮನೆ ಮನೆಗೆ ಮಲ್ಲಿಗೆ ಗಿಡ. ಬೆಳಿಗ್ಗೆ ಮೊಗ್ಗು ಕೊಯ್ದು, ಅದು ಅರಳುವ ಮೊದಲು ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಹೂವಿನ ವ್ಯಾಪಾರದ ಕಟ್ಟೆಗೆ ಕಳಿಸಬೇಕು. ಗಂಡಸು ಹೆಂಗಸು ಎಂಬ ಭೇದವಿಲ್ಲದೆ ಎಲ್ಲರೂ ಕೂತು ಕಟ್ಟುವುದು. ಕೈ ಮಾತ್ರ ಕೆಲಸ ಮಾಡುತ್ತದೆ, ಬಾಯಿ ಊರಿನ ಸುದ್ದಿ ಹೇಳುತ್ತದೆ. ನನ್ನ ಅಮ್ಮ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬಿಗಿದು ಕಟ್ಟಿದರೆ ಮೊಗ್ಗಿನ ತೊಟ್ಟು ಮುರಿಯುತ್ತದೆ, ಸಂಜೆಗೆ ಕಪ್ಪಾಗುತ್ತದೆ, ಆದ್ದರಿಂದ ಹೂವಿಗೆ ಗೊತ್ತಾಗದ ಹಾಗೆ ಕಟ್ಟಬೇಕು. ಸ್ವಲ್ಪ ಬಿಗಿಯಾಯಿತೋ, ಅದರ ಕುತ್ತಿಗೆ ಹಿಸುಕಬೇಡ ಎಂದು ತುಳುವಿನಲ್ಲಿ ಬಯ್ದು ನನ್ನ ಬೆರಳಿಗೇ ಒಂದು ಕೊಡುತ್ತಿದ್ದಳು. ಶಾಲೆಯ ಪಾಠ ಎಲ್ಲ ಮರೆತರೂ ಆ ಕೈ ನನಗೆ ಮರೆತಿಲ್ಲ.

ಡಗ್ ನೊಣವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು, ಅಷ್ಟು ವರ್ಷಗಳಲ್ಲಿ ಮೊದಲ ಸಲ ಎಂಬಂತೆ, ನೋಡಿದರು. ನಿನಗೆ ನೊಣ ಕಟ್ಟಲು ಬರುತ್ತದೆಯೇ ಎಂದು ಕೇಳಿದರು. ಈಗ ನೀವು ಗಲ್ಫಿನ ಒಂದು ನಿಯಮ ತಿಳಿದುಕೊಳ್ಳಬೇಕು. ಇಲ್ಲಿ ಬರುವುದಿಲ್ಲ ಎನ್ನುವ ಉತ್ತರವೇ ಇಲ್ಲ. ಕ್ರೇನ್ ಓಡಿಸಲು ಬರುತ್ತದೆಯೇ ಎಂದರೆ ಬರುತ್ತದೆ, ಅರಬ್ಬಿ ಓದಲು ಬರುತ್ತದೆಯೇ ಎಂದರೆ ಬರುತ್ತದೆ. ಮೊದಲು ಹೌದು ಎನ್ನುವುದು, ಆಮೇಲೆ ಓಡಿಹೋಗಿ ಕಲಿಯುವುದು. ನಾನು ಯೆಸ್ ಸರ್ ಎಂದೆ.

ಅವರು ಬಾಗಿಲು ಹಾಕಿ ಬಂದು ತಮ್ಮ ದುಃಖ ತೋಡಿಕೊಂಡರು. ಅವರಿಗೆ ಒಬ್ಬ ಅಣ್ಣ. ಪ್ರತಿ ವರ್ಷ ಅಕ್ಟೋಬರಿನಲ್ಲಿ ಇಬ್ಬರೂ ಒಂದೇ ದೋಣಿಯಲ್ಲಿ ಮಸ್ಕಿ ಹಿಡಿಯಲು ಹೋಗುತ್ತಾರೆ. ಅಣ್ಣ ತನ್ನ ನೊಣಗಳನ್ನು ತಾನೇ ಕಟ್ಟುತ್ತಾನೆ. ಇವರ ಬೆರಳಿಗೆ ಆ ವಿದ್ಯೆ ಹತ್ತದೆ ಇವರು ಕೊಳ್ಳುತ್ತಾರೆ. ಅಣ್ಣ ಪ್ರತಿ ವರ್ಷ ಇವರ ಡಬ್ಬಿ ತೆಗೆದು, ಇದು ಇಂಥ ಅಂಗಡಿಯದು, ಇದು ಇಂಥ ಅಂಗಡಿಯದು ಎಂದು ಒಂದೊಂದನ್ನೂ ಗುರುತಿಸಿ, ನಿನ್ನ ಮೀನು ಹಿಡಿಯುವುದು ನೀನಲ್ಲ, ನಿನ್ನ ಪರ್ಸು ಎನ್ನುತ್ತಾನೆ. ಡಗ್ ಇದನ್ನು ಹೇಳುವಾಗ ಧ್ವನಿ ಸಣ್ಣದಾಯಿತು. ಇಡೀ ವಿಭಾಗಕ್ಕೆ ಯಜಮಾನನಾದವನು ದೋಣಿಯಲ್ಲಿ ತಮ್ಮನಾಗಿಯೇ ಉಳಿದಿದ್ದ. ಈ ಸಲ ನಾನು ರಜೆಗೆ ಹೋಗುವಾಗ ಯಾವ ಅಂಗಡಿಯಲ್ಲೂ ಸಿಗದಂಥ ಕೆಲವನ್ನು ನನಗಾಗಿ ಕಟ್ಟಿಕೊಡುತ್ತೀಯಾ ಎಂದರು. ರಜೆ ಮುಗಿಸಿ ಬಂದ ಮೇಲೆ ನವೀಕರಣದ ಕಾಗದಗಳನ್ನು ನೋಡುವುದಾಗಿಯೂ ಹೇಳಿದರು. ಎರಡು ಮಾತುಗಳ ನಡುವೆ ಸಂಬಂಧ ಇದೆ ಎಂದು ಅವರು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ.

ಮಾರನೆಯ ವಾರವೇ ಬಣ್ಣ ಹಾಕಿದ ಜಿಂಕೆ ಬಾಲ, ಗರಿಗಳು, ಕೊಕ್ಕೆಗಳು, ದಾರದ ಉಂಡೆಗಳು ನನ್ನ ಮನೆಗೆ ಬಂದವು. ಬಂದದ್ದು ಸೋಮವಾರ. ಶಶಿಕಲ ಸೋಮವಾರ ಮೀನು ಮುಟ್ಟುವವಳಲ್ಲ. ಅವಳ ಊಟದ ಮೇಜಿನ ಮೇಲೆ ಹಸಿರು ಬಣ್ಣದ ಜಿಂಕೆ ಬಾಲ ಬಿಚ್ಚಿಕೊಂಡಾಗ ಅವಳು ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ಊರಿನಲ್ಲಾದರೆ ಫಾರೆಸ್ಟಿನವರು ಬಂದು ಎಳೆದುಕೊಂಡು ಹೋಗುತ್ತಿದ್ದರು ಎಂಬುದು ಅದರಲ್ಲಿ ಮೆದುವಾದ ಮಾತು. ಕೊಕ್ಕೆಯನ್ನು ಹಿಡಿದಿಡಲು ಒಂದು ಸಾಧನ ಬೇಕಾಗಿತ್ತು. ಹುಡುಕಿ ಹುಡುಕಿ ಕೊನೆಗೆ ಅವಳ ಹೊಲಿಗೆ ಯಂತ್ರದಲ್ಲಿ ಬಟ್ಟೆ ಒತ್ತಿ ಹಿಡಿಯುವ ಪಾದದ ಅಡಿಗೆ ಕೊಕ್ಕೆ ಸಿಕ್ಕಿಸಿದರೆ ಅಲ್ಲಾಡದೆ ನಿಲ್ಲುತ್ತದೆ ಎಂಬುದನ್ನು ಕಂಡುಹಿಡಿದೆ. ಅಂದಿನಿಂದ ಅವಳ ರವಿಕೆಗಳ ಕೆಲಸ ನಿಂತಿತು. ಮಿಂಚಿನ ಎಳೆಗಳಿಗೆ ದಿಶಾಳ ಶಾಲಾ ವಾರ್ಷಿಕೋತ್ಸವದ ಡ್ಯಾನ್ಸ್ ಉಡುಪಿನ ಜರಿ ಬಿಚ್ಚಿದೆ. ಅವಳು ಮೊಬೈಲಿನಿಂದ ತಲೆ ಎತ್ತದೆ, “ಅಪ್ಪಾ, ಜಸ್ಟ್ ಆರ್ಡರ್ ಇಟ್ ಆನ್‌ಲೈನ್” ಎಂದಳು. ನಾನು ಕನ್ನಡದಲ್ಲಿ, ಕೈಯಲ್ಲಿ ಮಾಡಿದ್ದರ ಬೆಲೆ ನಿನಗೆ ಗೊತ್ತಿಲ್ಲ ಎಂದೆ. ಅವಳು ಇಂಗ್ಲಿಷಿನಲ್ಲಿ, ಡೆಲಿವರಿ ಫ್ರೀ ಎಂದಳು.

ಕೊಳ್ಳುವ ಪಕ್ಷಕ್ಕೆ ಶಶಿಕಲಳೂ ಸೇರಿದಳು. ಅವಳ ವಾದ ಸರಳ.

“ಕೊಂಡು ಕೊಡಿ ಮಾರಾಯ್ರೆ. ಯಾರು ಕಟ್ಟಿದ್ದು ಅಂತ ಮೀನು ಕೇಳ್ತದಾ?”

ಮೀನು ಕೇಳುವುದಿಲ್ಲ, ಅಣ್ಣ ಕೇಳುತ್ತಾನೆ ಎಂದು ವಿವರಿಸಿದೆ. ಆದರೂ ಮನಸ್ಸು ಅಲುಗಾಡಿತು. ನನ್ನ ಮೊದಲ ಎರಡು ನೊಣಗಳು ಮಳೆಯಲ್ಲಿ ನೆನೆದ ಪೊರಕೆಯ ಹಾಗಿದ್ದವು. ಸುಳ್ಳೇಕೆ ಹೇಳಲಿ, ಅಂಗಡಿಯದನ್ನು ಕೊಂಡು ನನ್ನದೆಂದು ಕೊಟ್ಟರೆ ಹೇಗೆ ಎಂದು ಯೋಚಿಸಿ ಫಹಾಹೀಲ್‌ಗೆ ಹಮೀದನ ಅಂಗಡಿಗೆ ಹೋದೆ. ಹಮೀದ್ ಉಪ್ಪಿನಂಗಡಿ ಕಡೆಯ ಬ್ಯಾರಿ. ಮರುಭೂಮಿಗೆ ಹೋಗುವವರಿಗೆ ಡೇರೆ, ಸಮುದ್ರಕ್ಕೆ ಹೋಗುವವರಿಗೆ ಗಾಳ, ಎಲ್ಲಿಗೂ ಹೋಗದವರಿಗೆ ಮಡಚುವ ಕುರ್ಚಿ ಮಾರುತ್ತಾನೆ. ತನಗೆ ಗೊತ್ತಿಲ್ಲದ ಮೀನು ಸಮುದ್ರದಲ್ಲಿ ಇಲ್ಲ ಎನ್ನುವುದು ಅವನ ನಂಬಿಕೆ. ಮಸ್ಕಿ ಕೆರೆಯ ಮೀನು ಎಂದು ಹೇಳಿದ ಮೇಲೆ, ಹಾಗಾದರೆ ಅದು ಮೀನೇ ಅಲ್ಲ ಎಂದು ತೀರ್ಪು ಕೊಟ್ಟ. ಆದರೂ ಎಲ್ಲಿಂದಲೋ ತರಿಸಿ, ಎರಡು ವಾರದಲ್ಲಿ ಒಂದು ಮಸ್ಕಿ ನೊಣ ಕೈಗಿತ್ತ. ಎಂಥ ಚೆಂದ ಅಂತೀರಿ. ಕಣ್ಣು ಬೇರೆ ಅಂಟಿಸಿದ್ದರು.

ಅದನ್ನು ಹಾಗೆಯೇ ಡಬ್ಬಿಗೆ ಹಾಕಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಡಿಯ ನೊಣಗಳನ್ನೆಲ್ಲ ಆ ಅಣ್ಣ ನೋಡಿದ ಕೂಡಲೇ ಗುರುತಿಸುತ್ತಾನೆ ಎಂಬುದು ನೆನಪಾಯಿತು. ಸಿಕ್ಕಿಬಿದ್ದರೆ ಡಗ್ ಅವರ ಮಾನವೂ ನನ್ನ ಇಕಾಮಾವೂ ಒಟ್ಟಿಗೆ ನೀರುಪಾಲು. ಸರಿ, ಇದನ್ನು ಹೇಗೆ ಕಟ್ಟಿದ್ದಾರೆ ನೋಡಿ ಕಲಿಯೋಣ ಎಂದು ಬಿಚ್ಚಲು ಕೂತೆ. ಬಿಚ್ಚುವುದು ಸುಲಭವಾಗಿರಲಿಲ್ಲ. ದಾರವನ್ನು ಕುತ್ತಿಗೆ ಹಿಸುಕುವ ಹಾಗೆ ಬಿಗಿದಿದ್ದರು, ಮೇಲಿನಿಂದ ಅಂಟು ಸುರಿದಿದ್ದರು. ಬ್ಲೇಡು ತರಬೇಕಾಯಿತು. ನನಗೆ ನಗು ಬಂತು. ಕಟ್ಟಲು ಬಾರದವರು ಅಂಟು ಹಾಕುತ್ತಾರೆ ಎಂದು ಶಶಿಕಲಳಿಗೆ ತೋರಿಸಿದೆ. ನಮ್ಮ ಮನೆಯಿಂದ ಉಡುಪಿಗೆ ಹೋದ ಒಂದು ಚೆಂಡು ಮಲ್ಲಿಗೆಗಾದರೂ ಯಾರಾದರೂ ಅಂಟು ಹಾಕಿದ್ದುಂಟೇ? ಬಿಚ್ಚಿದ ಮೇಲೆ ಅದನ್ನು ಮತ್ತೆ ಕಟ್ಟಲು ಆಗಲಿಲ್ಲ. ಕೊಂಡದ್ದೂ ಹೋಯಿತು. ಇನ್ನು ಉಳಿದದ್ದು ನನ್ನ ಕೈ, ಅಮ್ಮ ಕಲಿಸಿದ ಕಟ್ಟು.

ಆ ಕಟ್ಟಿಗೆ ಶರಣಾದ ಮೇಲೆ ಕೆಲಸ ಕುದುರಿತು. ಜಿಂಕೆ ಕೂದಲನ್ನು ಮೊಗ್ಗಿನ ಹಾಗೆ ಎರಡೆರಡು ಬದಿಗೆ ಜೋಡಿಸಿ, ದಾರವನ್ನು ಮೆಲ್ಲಗೆ ಸುತ್ತಿ, ಕುಣಿಕೆಯೊಳಗಿಂದ ತೆಗೆದು, ಕೂದಲಿಗೆ ಗೊತ್ತಾಗದ ಹಾಗೆ ಕೂರಿಸಿದೆ. ಬಿಗಿಯದ ಕಾರಣ ಗರಿಗಳು ಅರಳಿಕೊಂಡು ನಿಂತವು. ಸ್ನಾನದ ಮನೆಯ ಬಕೆಟ್ಟಿನಲ್ಲಿ ಬಿಟ್ಟು ಎಳೆದರೆ ಅದು ಬಾಲ ಬಳುಕಿಸಿತು, ಉಬ್ಬಿತು, ಕುಗ್ಗಿತು, ದೇವರಾಣೆ ಉಸಿರಾಡಿತು. ನಾನು ಬಕೆಟ್ಟಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಮನಸಾರೆ ನನ್ನನ್ನೇ ಹೊಗಳಿಕೊಂಡೆ. ಅರವತ್ತರ ಹತ್ತಿರ ಬಂದವನಿಗೆ ಇಂಥ ಸಂತೋಷ ಆಗಾಗ ಸಿಗುವುದಿಲ್ಲ, ಆದ್ದರಿಂದ ಶಶಿಕಲ ಎರಡು ಸಲ ಬಾಗಿಲು ಬಡಿದರೂ ಏಳಲಿಲ್ಲ.

ಅದನ್ನು ಒಣಗಲು ಬಾಲ್ಕನಿಯಲ್ಲಿ ತೂಗುಹಾಕಿದ್ದೆ. ನಮ್ಮದು ಮೊದಲನೇ ಮಹಡಿ, ಈ ಊರಿನಲ್ಲಿ ಬೆಕ್ಕುಗಳಿಗೆ ಬರವಿಲ್ಲ. ಕಾರಿನ ಮೇಲೆ ಮಲಗಿದ್ದ ಒಂದು ಹಳದಿ ಗಂಡುಬೆಕ್ಕು ಎಸಿ ಡಬ್ಬಿಯ ಮೇಲೆ ಹಾರಿ, ಅಲ್ಲಿಂದ ನನ್ನ ನೊಣದ ಮೇಲೆ ಹಾರಿ, ಬಾಯಿ ತುಂಬ ಗರಿ ಕಚ್ಚಿಕೊಂಡು ಓಡಿಹೋಯಿತು. ನನ್ನ ಆನಂದ ಹೇಳತೀರದು. ಬೆಕ್ಕು, ಅಷ್ಟು ಬುದ್ಧಿಯ ಪ್ರಾಣಿ, ಅದನ್ನು ನಿಜವಾದ ಹಕ್ಕಿ ಎಂದುಕೊಂಡಿತಲ್ಲ. ಹಮೀದನಿಗೆ ಫೋನು ಮಾಡಿದೆ, ಅವನೂ, “ಬೆಕ್ಕು ಪಾಸ್ ಮಾಡಿದ್ರೆ ಮುಗೀತು ಸುಧಾಕರಣ್ಣ, ಅದಕ್ಕಿಂತ ದೊಡ್ಡ ಟೆಸ್ಟ್ ಇಲ್ಲ” ಎಂದ. ಶಶಿಕಲ ಮಾತ್ರ ದಾರದ ತುದಿಯಲ್ಲಿ ತೂಗುತ್ತಿದ್ದ ಬರಿಯ ಕೊಕ್ಕೆ ನೋಡಿ, ಬೆಕ್ಕು ಒಮ್ಮೆ ಎಳೆದದ್ದಕ್ಕೇ ಎಲ್ಲ ಕಿತ್ತು ಬಂತಲ್ಲ ಎಂದಳು. ಕಲೆಯ ವಿಷಯ ನಿನಗೆ ತಿಳಿಯುವುದಿಲ್ಲ ಎಂದೆ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಸರಿಯಾಗಿ ಹೇಳಿದ ಮಾತಿಗೆಲ್ಲ ನಾನು ಕೊಟ್ಟ ಉತ್ತರ ಹೆಚ್ಚುಕಡಿಮೆ ಇದೇ.

ಸೆಪ್ಟೆಂಬರ್ ಕೊನೆಯಲ್ಲಿ ನಾನು ಕಟ್ಟಿದ ನೊಣಗಳನ್ನು ಮಿಠಾಯಿ ಡಬ್ಬಿಯಲ್ಲಿ ಹತ್ತಿಯ ಮೇಲೆ ಸಾಲಾಗಿ ಇಟ್ಟು ಡಗ್ ಅವರಿಗೆ ಕೊಟ್ಟೆ.  ಅವರು ಒಂದೊಂದನ್ನೂ ಊದಿ ನೋಡಿದರು. ಕೂದಲು ಅರಳಿತು. ಅವರ ಕಣ್ಣು ಸಣ್ಣಗೆ ಒದ್ದೆಯಾದಂತೆ ಕಂಡಿತು, ಎಸಿ ಗಾಳಿಗೂ ಇರಬಹುದು. ಪಿಳ್ಳೆ ಅದೇ ಹೊತ್ತಿಗೆ ಬಾಳೆಕಾಯಿ ಚಿಪ್ಸ್ ಹಿಡಿದು ಬಂದು ಬಾಗಿಲಲ್ಲೇ ನಿಂತ. ಅವನ ಕಡೆ ನಾನು ನೋಡಿದ ನೋಟ ದೇವರು ಕ್ಷಮಿಸಲಿ.

ಆಮೇಲೆ ಮೂರು ವಾರ ಅವರಿಂದ ಸುದ್ದಿ ಇಲ್ಲ. ಮೊದಲ ವಾರ ಹೆಮ್ಮೆಯಿಂದ ಕಳೆಯಿತು. ಎರಡನೆಯ ವಾರ ಬಾಲ್ಕನಿಗೆ ಹೋದಾಗೆಲ್ಲ ಆ ಬೆಕ್ಕು ನನ್ನನ್ನು ನೋಡುತ್ತಿತ್ತು, ಅದರ ನೋಟ ನನಗೆ ಸರಿಕಾಣಲಿಲ್ಲ. ಪಕ್ಷಿಯಾದರೆ ತಿನ್ನಬೇಕಿತ್ತು, ಗರಿಯನ್ನೆಲ್ಲ ಕೆಳಗೆ ಉಗುಳಿ ಹೋಗಿತ್ತು. ಮೂರನೆಯ ವಾರ ನಾನು ಡಬ್ಬಿಗೆ ಹಾಕದೆ ಉಳಿಸಿಕೊಂಡಿದ್ದ ಒಂದು ನೊಣವನ್ನು ತೆಗೆದು, ಎರಡು ಬೆರಳಲ್ಲಿ ಹಿಡಿದು ಎಳೆದೆ. ಪೂರ್ತಿ ಬಿಚ್ಚಿ ಕೈಗೆ ಬಂತು. ಮಲ್ಲಿಗೆ ದಂಡೆಯನ್ನು ಮುಡಿಯುವವಳು ಯಾರೂ ಹಲ್ಲಿನಲ್ಲಿ ಕಚ್ಚಿ ಎಳೆಯುವುದಿಲ್ಲ. ಅಮ್ಮ ನನಗೆ ಕಲಿಸಿದ್ದು ತಲೆಗೆ ಮುಡಿಸುವ ಕಟ್ಟು. ನಾನು ಅದನ್ನು ಬಾಯಿ ತುಂಬ ಸೂಜಿಯಿರುವ ಪ್ರಾಣಿಗೆ ಮುಡಿಸಲು ಕಳಿಸಿದ್ದೆ.

ಆ ದಿನ ಊಟ ಸೇರಲಿಲ್ಲ. ದಿಶಾ ಪಕ್ಕದ ಕೋಣೆಯಲ್ಲಿ ಭೌತಶಾಸ್ತ್ರವನ್ನು ಗಟ್ಟಿಯಾಗಿ ಓದುತ್ತಿದ್ದಳು.  ಹುಡುಗಿಯ ಶಾಲೆಯನ್ನು ಒಂದು ಹೂವಿನ ಗಂಟಿಗೆ ಕಟ್ಟಿಬಿಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಶಶಿಕಲ ಎಲ್ಲ ತಿಳಿದೂ ಬಯ್ಯದೆ ಮಜ್ಜಿಗೆ ತಂದುಕೊಟ್ಟಳು. ಅವಳು ಬಯ್ಯದಿದ್ದಾಗಲೇ ನನಗೆ ಹೆಚ್ಚು ಹೆದರಿಕೆ.

ಡಗ್ ಬಂದರು. ಬಂದ ದಿನವೇ ಕರೆ ಬಂತು. ಹೋಗಿ ನಿಂತೆ. ಅವರು ಕಿಸೆಯಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿ ಮೇಜಿನ ಮೇಲೆ ಇಟ್ಟರು. ಬೋಳು ಕೊಕ್ಕೆ. ಅದರ ಕುತ್ತಿಗೆಯಲ್ಲಿ ನನ್ನ ದಾರದ ಎರಡು ಕುಣಿಕೆ ಮಾತ್ರ ಉಳಿದಿತ್ತು. ನಾನು ಸಾರಿ ಸರ್ ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದು, ಕೂತುಕೋ ಎಂದು ಕುರ್ಚಿ ತೋರಿಸಿ, ಕತೆ ಹೇಳಿದರು.

ಕೊನೆಯ ದಿನ, ಮಂಜು ಮುಸುಕಿದ ಕೆರೆ, ಅಣ್ಣ ಹಿಂದೆ, ಇವರು ಮುಂದೆ. ನನ್ನ ನೊಣ ನೀರಿಗಿಳಿಯಿತು. ದೋಣಿಯ ಪಕ್ಕದಲ್ಲೇ, ಇಬ್ಬರೂ ನೋಡುತ್ತಿದ್ದಂತೆ, ಕೆಳಗಿನಿಂದ ಒಂದು ಮಸ್ಕಿ ಬಂತು. ಅದರ ಉದ್ದವನ್ನು ತೋರಿಸಲು ಡಗ್ ಎರಡೂ ಕೈ ಚಾಚಿದರು, ಸಾಲದೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಅದು ತಿರುಗಿ ಹೋಗಲಿಲ್ಲ. ಬಾಯಿ ತೆರೆದು ನನ್ನ ನೊಣವನ್ನು ಕಚ್ಚಿತು. ಡಗ್ ಎಳೆದರು. ಗರಿ, ಕೂದಲು, ದಿಶಾಳ ಜರಿ ಎಲ್ಲ ಮೀನಿನ ಬಾಯಲ್ಲಿ ಉಳಿಯಿತು, ಕೊಕ್ಕೆ ಮಾತ್ರ ದೋಣಿಗೆ ಬಂತು. ಮೀನು ಒಂದು ಕ್ಷಣ ಅಲ್ಲೇ ನಿಂತು, ಹಸಿರು ಮೀಸೆ ಬಿಟ್ಟುಕೊಂಡಂತೆ ಗರಿ ಕಚ್ಚಿಕೊಂಡು, ನೀರಿನಡಿಗೆ ಹೋಯಿತಂತೆ.

ನಾನು ನೆಲ ನೋಡುತ್ತಿದ್ದೆ. ಡಗ್ ಮೇಜು ತಟ್ಟಿದರು. ಸಿಟ್ಟಿನಿಂದಲ್ಲ. ತಮ್ಮ ಜೀವಮಾನದಲ್ಲಿ ಅಣ್ಣನ ಬಾಯಿ ಮುಚ್ಚಿದ್ದು ಅದೇ ಮೊದಲು ಎಂದರು. ಇಂಥ ಮೀನನ್ನು ಈ ಕೆರೆಯಲ್ಲಿ ನಾನೂ ಕಂಡಿಲ್ಲ ಎಂದು ದಂಡೆಗೆ ಬಂದ ಮೇಲೆ ಅಣ್ಣನೇ ಎಲ್ಲರೆದುರು ಹೇಳಿದನಂತೆ. ಇಷ್ಟು ವರ್ಷ ಮೀನು ತಪ್ಪಿದಾಗಲೆಲ್ಲ ಅದು ಡಗ್ ಅವರ ತಪ್ಪಾಗುತ್ತಿತ್ತು. ಈ ಸಲ ತಪ್ಪು ಅವರದಲ್ಲ, ನೊಣದ್ದು. ಹಿಡಿದಿದ್ದರೆ ಫೋಟೋ ತೆಗೆದು ಅಳತೆ ಹಾಕಿ ಬಿಡುತ್ತಿದ್ದರು, ಅಲ್ಲಿಗೆ ಕತೆ ಮುಗಿಯುತ್ತಿತ್ತು. ತಪ್ಪಿಸಿಕೊಂಡ ಮೀನಿಗೆ ಅಳತೆ ಎಲ್ಲಿ? ಅವರು ಹೇಳುವಾಗಲೇ ಎರಡು ಸಲ ಅದು ಬೆಳೆಯಿತು. ಅಣ್ಣ ಆ ಕುಣಿಕೆಯನ್ನು ಭೂತಗನ್ನಡಿಯಲ್ಲಿ ನೋಡಿ, ಇಂಥ ಕಟ್ಟು ಎಲ್ಲಿಯೂ ಕಂಡಿಲ್ಲ, ಯಾರದು ಎಂದು ಕೇಳಿದನಂತೆ. ಕುವೈತಿನಲ್ಲಿ ನನ್ನವನೊಬ್ಬನಿದ್ದಾನೆ ಎಂದರಂತೆ ಇವರು.

ಮುಂದಿನ ಅಕ್ಟೋಬರಿನಲ್ಲಿ ಅದೇ ಮೀನನ್ನು ಹಿಡಿಯುವುದು ಅವರ ಹಟ. ಅದಕ್ಕೆ ನೊಣ ನಾನೇ ಕಟ್ಟಬೇಕು, ಅದೇ ಬಣ್ಣ, ಅದೇ ಅರಳು, ಗಟ್ಟಿ ಮಾತ್ರ ಇರಬೇಕು. ಆ ಮೀನು ಒಂದು ಕೈಗೆ ಸಿಕ್ಕಿತೆಂದರೆ ತಮಗೆ ಇನ್ನೇನೂ ಬೇಡ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಆ ಕೆರೆಯ ದಂಡೆಯಲ್ಲೇ ಮನೆ ಮಾಡುವುದಾಗಿ ಹೇಳಿದರು. ಹಾಗೆ ಹೇಳುತ್ತಲೇ, ಸುಧಾಕರ ಇಲ್ಲದೆ ನಮ್ಮ ವಿಭಾಗ ನಡೆಯುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿ ನನ್ನ ಕಡೆ ಸರಿಸಿದರು. ಒಂದು ವರ್ಷಕ್ಕೆ.

ಮನೆಗೆ ಬಂದು ಕಾಗದ ತೋರಿಸಿದೆ. ಶಶಿಕಲ ಅದನ್ನು ದೇವರ ಮುಂದಿಟ್ಟು, ಕಣ್ಣು ಒರೆಸಿಕೊಂಡು, ಅಂದು ಸಂಜೆ ಜುಬೈದಿ ಮೀನಿನ ಗಸಿ ಮಾಡಿದಳು. ನಾವು ಮೂವರೂ ಬಹಳ ದಿನದ ಮೇಲೆ ಒಟ್ಟಿಗೆ ಕೂತು ನಗುತ್ತಾ ಉಂಡೆವು. ನಾನು ಮರುದಿನದಿಂದಲೇ ಗಟ್ಟಿ ಕಟ್ಟುವುದನ್ನು ಅಭ್ಯಾಸ ಮಾಡಿದೆ. ಹಮೀದನಿಂದ ಅಂಟು ತಂದೆ, ಹೆಂಡತಿಯ ಉಗುರುಬಣ್ಣ ಸವರಿದೆ, ಅಮ್ಮನ ಬೈಗುಳಕ್ಕೆ ಕಿವಿ ಮುಚ್ಚಿ ದಾರವನ್ನು ಕೊಕ್ಕೆಯ ಕುತ್ತಿಗೆಗೆ ಹಿಸುಕಿ ಬಿಗಿದೆ. ಈಗ ನಾನು ಕಟ್ಟಿದ್ದನ್ನು ಇಕ್ಕಳ ಹಾಕಿ ಎಳೆದರೂ ಒಂದು ಕೂದಲು ಬರುವುದಿಲ್ಲ. ಹೆಮ್ಮೆಯಿಂದ ಶಶಿಕಲಳಿಗೆ ತೋರಿಸಿದೆ. ಅವಳು ಎಳೆದು ನೋಡಿದಳು, ತಲೆದೂಗಿದಳು, ಆಮೇಲೆ ಮೆಲ್ಲಗೆ ಕೇಳಿದಳು.

“ಅವರಿಗೆ ಮುಂದಿನ ಅಕ್ಟೋಬರಿನಲ್ಲಿ ಮೀನು ಸಿಕ್ಕಿ ಅವರು ಹೋದ್ರೆ, ಆಮೇಲೆ ಜನವರಿಗೆ ನಿಮ್ಮ ಕಾಗದಕ್ಕೆ ಸಹಿ ಹಾಕುದು ಯಾರು?”

ದಿಶಾಳ ಹನ್ನೆರಡನೆಯ ತರಗತಿಯ ಪರೀಕ್ಷೆ ಆ ಜನವರಿ ಕಳೆದ ಮೇಲೆ, ಫೆಬ್ರವರಿಯಿಂದ ಮಾರ್ಚ್ ತನಕ. ನಾನು ಆ ಗಟ್ಟಿ ನೊಣಗಳನ್ನೆಲ್ಲ ಕಪಾಟಿನ ಮೇಲೆ, ಯಾರ ಕೈಗೂ ಸಿಗದ ಹಾಗೆ ಎತ್ತಿಟ್ಟೆ. ಡಗ್ ವಾರಕ್ಕೊಮ್ಮೆ ನನ್ನ ಮೇಜಿನ ಬಳಿ ಬಂದು, ಗಂಟು ಈಗ ಗಟ್ಟಿಯಾಯಿತೇ ಎಂದು ಮಗುವಿನ ಹಾಗೆ ಕೇಳುತ್ತಾರೆ. ಪಾಪದ ಮನುಷ್ಯ, ನನಗೆ ಅವರ ಮುಖ ನೋಡಲಾಗುವುದಿಲ್ಲ. ಇನ್ನೂ ಕಲಿಯುತ್ತಿದ್ದೇನೆ ಸರ್ ಎನ್ನುತ್ತೇನೆ. ಗಲ್ಫಿಗೆ ಬಂದ ಮೇಲೆ ಬಾರದ್ದನ್ನು ಬರುತ್ತದೆ ಎಂದು ನೂರು ಸಲ ಹೇಳಿದ್ದೆ, ಬರುವುದನ್ನು ಬರುವುದಿಲ್ಲ ಎಂದು ಹೇಳಿದ್ದು ಇದೇ ಮೊದಲು.